ಇಲ್ಲಿಂದ, ಇಲ್ಲಿಗೆ

ಬೆಳಗಾವಿ, ಉದ್ಯಮಬಾಗ. ನಮಗೂ ಫೌಂಡ್ರಿಗೂ ಒಂದೇ ಗೋಡೆ.
ಆ ಕಡೆ ಸುತ್ತಿಗೆ, ಈ ಕಡೆ ಕೀಬೋರ್ಡು.
ಬೀಡು ಸುರಿಯುವ ದಿನ
ನನ್ನ ಚಹಾದ ಮೇಲೂ ಕಪ್ಪು ಕೆನೆ.

ಏನು ಕೆಲಸವೆಂದು ಅವ್ವ ಕೇಳಿದಳು.
ಪಂಪಿಗೂ ಅದರ ಕರೆಂಟಿನ ಪೆಟ್ಟಿಗೆಗೂ
ಮಾತು ಹೇಗೆ ನಡೆಯಬೇಕೆಂದು
ಯಾವುದೋ ಸಮಿತಿ ಹನ್ನೊಂದು ವರ್ಷ ಕೂತು ಬರೆದ
ಏಳುನೂರ ಹನ್ನೆರಡು ಪುಟದ ಮಾನಕ.
ಅದರಲ್ಲಿ ಹುದುಗಿದ ಕೋಡಿನ ತುಣುಕಿಗೆ
ಗುರುತು ಹಾಕಿ, ಬಿಡಿಸಿ, ಬೇರೆ ಇಡುವುದು.
“ಅಂದರ, ಅಕ್ಕಿ ಆರಿಸೂದು.”
ಹೂಂ ಅವ್ವಾ. ಆದರೆ ಇಲ್ಲಿ
ಹರಳೂ ಬೇಯುತ್ತದೆ.

ಮುನ್ನೂರ ಹದಿನೆಂಟನೆಯ ಪುಟದ ಬುಡದಲ್ಲಿ
ಕೋಡು ಬಾಯಿ ತೆರೆಯುತ್ತದೆ, ಪುಟ ಮುಗಿಯುತ್ತದೆ.
ಸಮಿತಿಯ ಹೆಸರು, ತಿಂಗಳು, ಪುಟದ ಸಂಖ್ಯೆ,
ಮಗ್ಗುಲು ಬದಲಿಸಿದರೆ ಮತ್ತೆ ಸಮಿತಿಯ ಹೆಸರು,
ಆಮೇಲೆ, ಏನೂ ಆಗಿಲ್ಲವೆಂಬಂತೆ, ಉಳಿದರ್ಧ ಸಾಲು.
ಹಾಗೇ ಎತ್ತಿದರೆ ಯಂತ್ರ ಮುಗ್ಗರಿಸುತ್ತದೆ:
ಮಾರ್ಚ್ ಅಂದರೆ ಏನು?
ಅದರ ತಪ್ಪಲ್ಲ.
ಅಚ್ಚು ಜೋಡಿಸಿದ ಯಾರೋ ರಸಿಕ
ನೆಟ್ಟಗಿನ ಉದ್ಧರಣ ಚಿಹ್ನೆಗಳಿಗೆ ಮೀಸೆ ತಿರುವಿದ್ದಾನೆ.
ಮಧ್ಯಾಹ್ನವಿಡೀ
ಒಂದೊಂದೇ ಮೀಸೆ ಬೋಳಿಸುತ್ತೇನೆ.

ಗೋಡೆಯಾಚೆ ದಸ್ತಗೀರ ಮಾಮಾ.
ಮರಳಿನಿಂದ ಈಗಷ್ಟೇ ಒಡೆದು ತೆಗೆದ ಎರಕ,
ಮೈತುಂಬ ಕೊಂಬು, ಬಾಲ,
ಅಚ್ಚಿನ ಸಂದಿನಲ್ಲಿ ಹರಿದು ಗಟ್ಟಿಯಾದ ತೆಳು ರೆಕ್ಕೆ.
“ಎಲ್ಲಾ ಒಂದ ಬೀಡು, ತಂಗಿ.
ಇದು ಬೇಕು ಇದು ಬ್ಯಾಡ ಅಂತ
ಅದರ ಮ್ಯಾಲ ಬರದಿರೂದಿಲ್ಲ.
ಕಡಿಯೂಕಿಂತ ಮದಲ ಕೈ ಆಡಸಬೇಕು.”

ಆಷಾಢದಲ್ಲೊಂದು ದಿನ ನಾನು ಕೈ ಆಡಿಸಲಿಲ್ಲ.
ಎರಡು ತುಣುಕಿನ ನಡುವೆ, ಮಾತಿನ ಅಕ್ಷರದಲ್ಲಿ,
ಒಂದು ಸಾಲು: ನೀರಿಲ್ಲದಾಗ ನಿಲ್ಲತಕ್ಕದ್ದು.
ವಿವರಣೆ ಅಂದುಕೊಂಡೆ. ಕಡಿದೆ.
ಕೋಡು ಓಡಿತು. ಒಂದೂ ತಪ್ಪು ತೋರಿಸಲಿಲ್ಲ.
ಪರೀಕ್ಷೆಯ ಬೆಂಚಿನ ಮೇಲೆ ಪಂಪು
ನಲವತ್ತು ನಿಮಿಷ ಬರೀ ಗಾಳಿ ಕುಡಿಯಿತು.
ಸೀಲು ಸುಟ್ಟ ವಾಸನೆ
ದಸ್ತಗೀರ ಮಾಮಾನನ್ನೂ ಗೋಡೆ ದಾಟಿಸಿ ತಂದಿತು.

ಚೌಗಲೆ ಸಾಹೇಬರು ಬೈಯಲಿಲ್ಲ.
ಗ್ರಂಥದ ಹದಿನಾಲ್ಕನೆಯ ಪುಟ ತೆರೆದು
ಉಗುರಿನಿಂದ ಗೀರಿ ತೋರಿಸಿದರು:
ಉದಾಹರಣೆಗಳು ತಿಳಿವಳಿಕೆಗೆ. ಪಾಲಿಸಬೇಕಾದದ್ದು ಮಾತು.
ಕೊನೆಯ ಪುಟವನ್ನು ನಾನೇ ಓದಿಕೊಂಡೆ:
ಕೋಡು ಯಾರು ಬೇಕಾದರೂ ಬಳಸಬಹುದು,
ಮಾತು ಮಾತ್ರ ಸಮಿತಿಯ ಸ್ವತ್ತು.
ನಗು ಬಂತು.
ಒಯ್ಯಲು ಬಿಟ್ಟದ್ದರಲ್ಲಿ ನಿಲ್ಲುವುದಿಲ್ಲ,
ನಿಲ್ಲುವುದನ್ನು ಒಯ್ಯುವಂತಿಲ್ಲ.

ರಾತ್ರಿ ಅವ್ವ ಫೋನಿನಲ್ಲಿ, ನಿಪ್ಪಾಣಿಯ ತಂಗಿಯ ಜೊತೆ.
ಕನ್ನಡದಲ್ಲಿ ಶುರು. ಉಳ್ಳಾಗಡ್ಡಿಯ ದರ ಮರಾಠಿಯಲ್ಲಿ.
ನಾದಿನಿಯನ್ನು ಬೈದದ್ದು ಕನ್ನಡ,
ಬೈಗುಳದ ಬಾಲ ಮರಾಠಿ.
ಚಟಕ್ಕೆ ಬಿದ್ದ ನನ್ನ ಬೆರಳು ಚಾದರದ ಮೇಲೆ
ಗೆರೆ ಹಾಕುತ್ತಿತ್ತು: ಇಲ್ಲಿಂದ, ಇಲ್ಲಿಗೆ.
ಅಪ್ಪನ ಹೆಸರು ಬಂತು.
ಅವಳು ಸುಮ್ಮನಾದಳು, ಆ ತುದಿಯ ಚಿಕ್ಕಮ್ಮನೂ.
ಅದು ಯಾವ ಭಾಷೆಯ ಸುಮ್ಮನೋ.
ಬೆರಳು ಮಡಚಿಕೊಂಡೆ.

ಮರುದಿನ ಕಡತ ತೆರೆದು
ಗ್ರಂಥದ ತುಣುಕಿಗೆ ಗ್ರಂಥದ ಗುರುತು ಹಾಕಿದೆ.
ಕೆಳಗೆ ಬೇರೆ ಬೇಲಿ ಕಟ್ಟಿ, ಇದು ನನ್ನದು ಎಂದು ಬರೆದು,
ನೀರು ನೋಡುವ ಎರಡು ಸಾಲು.
ಅದರ ತಲೆಯ ಮೇಲೆ, ಯಂತ್ರ ಓದದೆ ದಾಟುವ ಜಾಗದಲ್ಲಿ,
ನಮ್ಮ ಮಾತಿನಲ್ಲೇ:
ಒಣಾ ಓಡಬ್ಯಾಡ. ನಿಲ್ಲು.

ಊಟಕ್ಕೆ ಕೂತಾಗ ದಸ್ತಗೀರ ಮಾಮಾ
ಕಡಿದ ಜಾಗದ ಮೇಲೆ ಹೆಬ್ಬೆಟ್ಟು ಆಡಿಸುತ್ತಿದ್ದ.
ನಯವಾಗಿತ್ತು. ಆದರೂ
ಇಲ್ಲೊಂದು ಕೊಂಬಿತ್ತು ಅಂತ ತಿಳಿಯುವಷ್ಟು
ಬಿಸಿ.